ಆರು ಜನರ ಸೀಸೆ

ಬೆಳಿಗ್ಗೆ ಯಂತ್ರದ ಪರದೆಯ ಮೇಲೆ ಆ ಗೆರೆ ಎದ್ದು ನಿಂತದ್ದನ್ನು ಕಂಡು ಇಡೀ ಪ್ರಯೋಗಾಲಯ ನೆಮ್ಮದಿಯ ಉಸಿರು ಬಿಟ್ಟಿತು. ಬಾಸಿಲ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಎರಡೂ ಕೈ ಮೇಲೆತ್ತಿ, "ಅಲ್ಹಮ್ದುಲಿಲ್ಲಾಹ್! ನಮ್ದ್ರಲ್ಲೂ ಇದೆ!" ಎಂದು ಕೂಗಿದ. ಅವನ ಹಿಂದೆ ನಿಂತಿದ್ದ ಹಾಜಿಮ್ ತಾನೂ ನಗಬೇಕೆಂದು ತುಟಿ ಅಗಲಿಸಿದ. ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತು. ಮೂತ್ರದಲ್ಲಿ ಕರಗಿದ ಒಂದೊಂದು ಪದಾರ್ಥವೂ ಯಂತ್ರದ ದೊಡ್ಡ ಅಯಸ್ಕಾಂತದೊಳಗೆ ತನ್ನ ಜಾಗದಲ್ಲಿ, ತನ್ನ ಎತ್ತರಕ್ಕೆ ಒಂದು ಗೆರೆ ಎಬ್ಬಿಸುತ್ತದೆ. ವರ್ಷಗಟ್ಟಲೆ ಅದನ್ನೇ ಓದುತ್ತ ಬಂದ ಹಾಜಿಮ್‌ಗೆ ಮನುಷ್ಯರ ಮುಖಕ್ಕಿಂತ ಆ ಗೆರೆಗಳ ಗುರುತೇ ಹೆಚ್ಚು. ಕಾಫಿ ಕುಡಿದವನು, ಮೀನು ತಿಂದವನು, ತಲೆನೋವಿನ ಗುಳಿಗೆ ನುಂಗಿ ಇಲ್ಲವೆಂದವನು, ಎಲ್ಲರೂ ಅಲ್ಲಿ ಬೆತ್ತಲೆ. ಈಗ ಎದ್ದದ್ದು ಟಾರಿನ್ ಎಂಬುದರ ಗೆರೆ. ಲಿವರಿಗೆ ಒಳಗೊಳಗೇ ಪೆಟ್ಟು ಬೀಳುತ್ತಿದ್ದರೆ, ರಕ್ತಪರೀಕ್ಷೆಗೆ ಅದರ ಸುಳಿವು ಸಿಗುವ ಮೊದಲೇ ಈ ಗೆರೆ ಏಳಬಹುದು. ಮದ್ದಿನೊಳಗಿನ ವಿಷವನ್ನು ಮೊಳಕೆಯಲ್ಲೇ ಹಿಡಿಯಬೇಕೆಂದು ತಾನೇ ಇಷ್ಟು ದುಬಾರಿ ಯಂತ್ರವನ್ನು ಅಮ್ಮಾನಿನ ಹೊರವಲಯದ ಈ ಧೂಳಿಗೆ ತಂದು ಕೂರಿಸಿದ್ದು!

ಸಂಧಿವಾತಕ್ಕೆಂದು ಮಾಡಿದ ಹೊಸ ಗುಳಿಗೆಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟು ನೋಡುತ್ತಿದ್ದರು. ಪಕ್ಕದ ಕಟ್ಟಡದ ಕ್ಲಿನಿಕ್ಕಿನಲ್ಲಿ ಗಟ್ಟಿಮುಟ್ಟಾದ ಒಂದಷ್ಟು ಗಂಡಸರು ತಾವಾಗಿ ಒಪ್ಪಿ ಬಂದು ಅದನ್ನು ನುಂಗುತ್ತಿದ್ದರು. ಪರವಾನಗಿ ತಡವಾಗಿ ಪ್ರಯೋಗ ರಂಜಾನಿನೊಳಕ್ಕೆ ಜಾರಿತ್ತು. ಉಪವಾಸ ಶುರುವಾಗುವ ಮೊದಲು ತಣ್ಣಗೆ ಮಲಗಿದ್ದ ಗೆರೆ, ಉಪವಾಸ ಶುರುವಾದ ಮೇಲೆ, ಗುಳಿಗೆ ತಿಂದ ಪ್ರತಿಯೊಬ್ಬನಲ್ಲೂ ಎದ್ದಿತ್ತು. ಇದು ಗುಳಿಗೆಯ ಕೆಲಸವೋ, ಉಪವಾಸದ ಕೆಲಸವೋ? ಹೋಲಿಸಿ ನೋಡಲೆಂದು ಬರೀ ಸಕ್ಕರೆಯ ಹುಸಿಗುಳಿಗೆ ಕೊಟ್ಟಿದ್ದ ಇಬ್ಬರಲ್ಲಿ ಒಬ್ಬ ಮೊದಲ ವಾರವೇ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದ. ಉಳಿದವನಲ್ಲಿ ಗೆರೆ ಎದ್ದಿರಲಿಲ್ಲ. ಆದರೆ ಒಬ್ಬನನ್ನು ನಂಬಿ ತೀರ್ಪು ಕೊಡುವಂತಿಲ್ಲ. ಆದ್ದರಿಂದ ಗುಳಿಗೆ ಮುಟ್ಟದ, ಉಪವಾಸ ಮಾತ್ರ ಹಿಡಿದ ಗಂಡಸರ ಮೂತ್ರ ಬೇಕಾಯಿತು. ಪ್ರಯೋಗಾಲಯದ ಆರು ಗಂಡಸರೇ ಮೊನ್ನೆ ಸಂಜೆಯ ಮುಂಚೆ ಕೊಟ್ಟರು. ಈಗ ಅದರಲ್ಲೂ ಗೆರೆ ಎದ್ದಿದೆ. ಅಂದರೆ ತಪ್ಪು ಉಪವಾಸದ್ದು, ಗುಳಿಗೆ ನಿರ್ದೋಷಿ. ಇವತ್ತು ಸಂಜೆ ಉಪವಾಸ ಬಿಟ್ಟು ಇಫ್ತಾರ್ ಮುಗಿದ ಮೇಲೆ ಕ್ಲಿನಿಕ್ಕಿನವರಿಗೆ ಎರಡು ಪಟ್ಟು ಗುಳಿಗೆ ಕೊಡಬಹುದು. ಆ ಆರು ಜನರಲ್ಲಿ ಹಾಜಿಮ್ ಒಬ್ಬ. ಅವನು ಉಪವಾಸ ಇರಲಿಲ್ಲ.

ಅವನ ದೃಷ್ಟಿ ಗೆರೆಯಿಂದ ಕದಲಲಿಲ್ಲ. ಅದು ತನ್ನದೇ ಗೆರೆ ಎಂದು ಅವನಿಗೆ ಗೊತ್ತಿತ್ತು, ತನ್ನ ಕೈಬರಹ ತನಗೆ ಗೊತ್ತಾದ ಹಾಗೆ. ಆದರೆ ಬೇರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ, ಯಾಕೆಂದರೆ ಆರೂ ಜನರದ್ದನ್ನು ಒಂದೇ ಸೀಸೆಗೆ ಸುರಿದಿದ್ದರು. ಹಾಗೆ ಸುರಿಯಲು ಹೇಳಿದವರು ಪ್ರಯೋಗಾಲಯದ ಹಿರಿಯರಾದ ಅಬು ಸಾಲಿಮ್. ಆ ದಿನ ಬಾಸಿಲ್ ಆರು ಪುಟ್ಟ ಸೀಸೆಗಳಿಗೆ ಹೆಸರಿನ ಚೀಟಿ ಅಂಟಿಸುತ್ತ ಕೂತಿದ್ದಾಗ ಅವರು ಬಂದು, ಚೀಟಿಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. "ಬೇಡ ಮಗಾ. ಈ ಯಂತ್ರ ಎಲ್ಲಾನೂ ಹೇಳ್ಬಿಡುತ್ತೆ. ಯಾರು ಉಪವಾಸ ಇದಾರೆ, ಯಾರು ಇಲ್ಲ, ಅದು ಅವರಿಗೂ ಅಲ್ಲಾಹನಿಗೂ ಬಿಟ್ಟಿದ್ದು. ದೇವರು ಮುಚ್ಚಿಟ್ಟಿದ್ದನ್ನ ನಾವ್ಯಾಕೆ ಬಿಚ್ಚಬೇಕು? ಎಲ್ಲಾರ್ದೂ ಒಂದ್ರಲ್ಲೇ ಸುರೀರಿ" ಎಂದಿದ್ದರು. ಎಲ್ಲರೂ ತಲೆದೂಗಿದ್ದರು. ಎಷ್ಟು ದೊಡ್ಡ ಮನಸ್ಸು ಎಂದು ಹಾಜಿಮ್‌ಗೆ ಆಗ ಕಣ್ಣು ತುಂಬಿ ಬಂದಿತ್ತು. ಇನ್ನೊಬ್ಬರ ಕುಂದನ್ನು ಮುಚ್ಚಿದವನ ಕುಂದನ್ನು ದೇವರು ಮುಚ್ಚುತ್ತಾನೆಂಬ ಮಾತು ಆ ಮನುಷ್ಯನ ರಕ್ತದಲ್ಲೇ ಇದೆ. ಆ ಕ್ಷಣದಲ್ಲೇ, ಸುರಿಯುವ ಮೊದಲೇ, "ನಂದು ಬೇಡ, ನಂಗೆ ಯಾಕೋ ಸರಿಯಿಲ್ಲ" ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಹೇಳಿದರೆ ಅದೇ ಒಂದು ಚೀಟಿಯಾಗುತ್ತಿತ್ತು. ಅಷ್ಟು ನೀರಿನಲ್ಲಿ ನನ್ನದೊಂದು ಪಾಲು ಏನು ಮಹಾ ಎಂದುಕೊಂಡು ಸುರಿದಿದ್ದ.

ಏನು ಮಹಾ? ಒಂದು ಡಬ್ಬಿ. ತಣ್ಣಗಿನ, ಸಿಹಿಯಾದ, ಕುಡಿದರೆ ಎದೆ ಡವಗುಟ್ಟುವ ಎನರ್ಜಿ ಡ್ರಿಂಕ್. ಅದರ ಮೈಮೇಲೆ ಸಣ್ಣ ಅಕ್ಷರದಲ್ಲಿ ಟಾರಿನ್ ಎಂದೇ ಅಚ್ಚಾಗಿರುತ್ತದೆ. ದಿನವಿಡೀ ಆರೋಗ್ಯವಂತನ ಮೂತ್ರದಲ್ಲಿ ಹೋಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅದೊಂದೇ ಡಬ್ಬಿಯಲ್ಲಿ. ಆ ದಿನ ಅವನು ಎರಡು ಕುಡಿದಿದ್ದ. ರಂಜಾನಿನ ಮೊದಲ ದಿನಗಳಲ್ಲಿ ಉಪವಾಸ ಸರಿಯಾಗಿಯೇ ನಡೆದಿತ್ತು. ಆಮೇಲೊಂದು ಮಧ್ಯಾಹ್ನ ಸಹಾಬ್ ರಸ್ತೆಯಲ್ಲಿ ಕಾರು ಓಡಿಸುವಾಗ ಮುಂದಿನ ಲಾರಿಯ ಹಿಂಬದಿ ಒಮ್ಮೆಲೆ ದೂರ ಸರಿದಂತಾಗಿ, ಕೈ ತಣ್ಣಗಾಗಿ, ಈಗ ಸತ್ತೆ ಎನಿಸಿತ್ತು. ಕಾಯಿಲೆಯೇನೂ ಇರಲಿಲ್ಲ. ಹೆದರಿಕೆ ಅಷ್ಟೆ. ಕಾಯಿಲೆಯಿದ್ದವನಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆ. ಪುಕ್ಕಲನಿಗೆ ಯಾವ ಗ್ರಂಥದಲ್ಲೂ ವಿನಾಯಿತಿ ಇಲ್ಲ. ಕಾರು ತೊಳೆಯುವ ಕೇಂದ್ರವೊಂದು ಕಂಡಿತು, ಒಳಗೆ ನುಗ್ಗಿಸಿದ. ಸಾಬೂನಿನ ನೊರೆ ನಾಲ್ಕೂ ಕಡೆಯ ಗಾಜನ್ನು ಮುಚ್ಚಿಕೊಂಡಾಗ ಒಳಗೆ ಒಂದು ಬೆಳ್ಳನೆಯ ಕತ್ತಲೆಯಾಯಿತು, ಹೊರಗಿನವರಿಗೆ ಅವನು ಇಲ್ಲ, ಅವನಿಗೆ ಹೊರಗಿನವರು ಇಲ್ಲ. ಸೀಟಿನಡಿ ರಂಜಾನಿಗೆ ಮುಂಚಿನಿಂದ ಬಿದ್ದಿದ್ದ ಡಬ್ಬಿ ಕೈಗೆ ತಾಗಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದ. ಮರುದಿನ ಮತ್ತೆ ಹೋದ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ದಿನವೂ ಕಾರು ತೊಳೆಸತೊಡಗಿದ. ಅಲ್ಲಿ ಕೆಲಸ ಮಾಡುವ ಈಜಿಪ್ಟಿನವನು, "ಬಾಶಾ, ನಿನ್ನೆ ತಾನೆ ತೊಳೆದ್ವಲ್ಲ, ಇದ್ರಲ್ಲಿ ಧೂಳೆಲ್ಲಿದೆ?" ಎಂದು ಮೊದಮೊದಲು ಕೇಳುತ್ತಿದ್ದ. ಈಗ ಕೇಳುವುದಿಲ್ಲ, ಅವನನ್ನು ಕಂಡ ಕೂಡಲೇ ನೊರೆಯ ಪೈಪು ಎತ್ತಿಕೊಳ್ಳುತ್ತಾನೆ, ಮತ್ತು ನೊರೆಯನ್ನು ಬೇಕಾದ್ದಕ್ಕಿಂತ ದಪ್ಪವಾಗಿ ಹಾಕುತ್ತಾನೆ. ಅವನಿಗೆ ಗೊತ್ತಿದೆಯೇ ಎಂಬ ಭಯ ಬೇರೆ.

"ಡಾಕ್ಟ್ರೇ, ಯಾಕೆ ಮುಖ ಹಾಗಿದೆ? ಗೆರೆ ಬಂದ್ರೂ ಕಷ್ಟ, ಬರದಿದ್ರೂ ಕಷ್ಟನಾ ನಿಮ್ಗೆ?" ಎಂದು ಬಾಸಿಲ್ ತಿರುಗಿ ನೋಡಿದ.

"ಏನಿಲ್ಲ. ಸ್ವಲ್ಪ ಜಾಸ್ತಿ ಎತ್ತರ ಅನ್ನಿಸ್ತು."

"ನಮ್ಮ ಆರು ಜನರ ಪುಣ್ಯ ಸೇರಿದೆಯಲ್ಲ, ಎತ್ತರ ಇರ್ಲೇಬೇಕು!" ಬಾಸಿಲ್ ನಕ್ಕ. "ಪುಣ್ಯ ಅಂದ್ರೆ ನಿಮ್ದೇ ಬಿಡಿ. ದಿನಾ ಕಾರು ತೊಳೆಸ್ತೀರಿ, ನಮಾಜಿಗೆ ಕೈಕಾಲು ತೊಳೆಸಿ ಉಜು ಮಾಡಿಸಿದ ಹಾಗೆ. ಇಡೀ ಸಹಾಬಲ್ಲಿ ಅಷ್ಟು ಮಡಿಯಾದ ಕಾರು ಇನ್ನೊಂದಿಲ್ಲ. ನಮಾಜಿಗೆ ಅದನ್ನೇ ಮುಂದೆ ನಿಲ್ಲಿಸ್ಬಹುದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಹಾಜಿಮ್‌ನ ಕೈ ತಾನಾಗಿ ಜೇಬಿನಲ್ಲಿದ್ದ ಕಾರಿನ ಬೀಗದ ಕೈಗೆ ಹೋಯಿತು. "ಧೂಳು ಆಗಲ್ಲ ನಂಗೆ, ಕೆಮ್ಮು ಬರುತ್ತೆ" ಎಂದ. ಹೇಳಿದ ಮೇಲೆ ಇಷ್ಟು ಹೊತ್ತಿಗೆ ಎಷ್ಟು ಸುಳ್ಳಾಯಿತೆಂದು ಯೋಚಿಸಿದ. ಸುಳ್ಳುಗಳೆಲ್ಲ ಸಣ್ಣವು, ಒಂದೂ ಯಾರ ತಲೆಯನ್ನೂ ಒಡೆಯುವಂಥದ್ದಲ್ಲ, ಮೊನ್ನೆಯವರೆಗೂ. ಇವತ್ತಿನ ನಸುಕಿನಲ್ಲಿ ಹೆಂಡತಿ ಅಬೀರ್ ಸಹರಿಯ ಊಟಕ್ಕೆ ಎಬ್ಬಿಸಿದಾಗ ಒಂಬತ್ತು ವರ್ಷದ ಜುಮಾನಾ ಅವನಿಗಿಂತ ಮೊದಲೇ ಎದ್ದು ಮೇಜಿನ ಮುಂದೆ ಕೂತಿದ್ದಳು. ಈ ವರ್ಷ ಮೊದಲ ಸಲ ಪೂರ್ತಿ ಉಪವಾಸ ಹಿಡಿದಿದ್ದಾಳೆ. ಹೋದ ವರ್ಷದವರೆಗೆ ಮಧ್ಯಾಹ್ನದ ಬಾಂಗಿನವರೆಗೆ ಮಾತ್ರ. ಅವಳು ಮೊಸರಿನಲ್ಲಿ ರೊಟ್ಟಿ ಅದ್ದುತ್ತ, "ಬಾಬಾ, ಮಧ್ಯಾಹ್ನ ನಿಂಗೆ ತುಂಬಾ ಬಾಯಾರತ್ತಾ? ನಂಗೆ ಎರಡು ಗಂಟೆಗೆ ನಾಲಿಗೆ ಮರದ ತುಂಡಿನ ಹಾಗಾಗತ್ತೆ" ಎಂದಿದ್ದಳು. "ನಂಗೂ ಹಾಗೇ ಕಣಮ್ಮ" ಎಂದಿದ್ದ. "ಹಾಗಾದ್ರೆ ಆಗ ನಾನು ನಿನ್ನ ನೆನೆಸ್ಕೋತೀನಿ, ನೀನು ನನ್ನ ನೆನೆಸ್ಕೋ, ಆಯ್ತಾ? ಇಬ್ರಿಗೂ ಸುಲಭ ಆಗತ್ತೆ." ಅಬೀರ್ ಮಗಳ ಕೆನ್ನೆ ಹಿಂಡಿ ಗಂಡನ ಕಡೆ ಹೆಮ್ಮೆಯಿಂದ ನೋಡಿದ್ದಳು. ಎರಡು ಗಂಟೆಗೆ ಅವನು ನೊರೆಯೊಳಗಿರುತ್ತಾನೆ. ಅಷ್ಟು ದೂರದ ಶಾಲೆಯ ಬೆಂಚಿನ ಮೇಲೆ ಮರದ ನಾಲಿಗೆಯ ಹುಡುಗಿ ತನ್ನನ್ನು ನೆನೆಸಿಕೊಳ್ಳುವುದು ಅವನಿಗೆ ಯಾವ ಪೊಲೀಸಿನವನಿಗಿಂತ ಹೆಚ್ಚು ಭಯ ಹುಟ್ಟಿಸಿತು. ರಂಜಾನಿನ ಹಗಲು ನಾಲ್ಕು ಜನ ಕಾಣುವ ಹಾಗೆ ಕುಡಿದವನನ್ನು ಈ ದೇಶದಲ್ಲಿ ಹಿಡಿದು ಒಳಗೆ ಹಾಕುತ್ತಾರೆ. ಅದಾದರೂ ಒಂದು ಲೆಕ್ಕ. ಮಗಳು ಏನು ಮಾಡುತ್ತಾಳೆ, ಸುಮ್ಮನೆ ನೋಡುತ್ತಾಳೆ.

ಮಧ್ಯಾಹ್ನ ಕಳೆದ ಮೇಲೆ, ಕೂತಲ್ಲಿ ಕೂರಲಾಗದೆ, ಕ್ಲಿನಿಕ್ಕಿನ ಕಟ್ಟಡಕ್ಕೆ ನಡೆದ. ಯಾಕೆಂದು ಅವನಿಗೇ ತಿಳಿಯದು. ಬಹುಶಃ ಎಲ್ಲರೂ ಚೆನ್ನಾಗಿರುವುದನ್ನು ನೋಡಿದರೆ ಸುಮ್ಮನಿರುವುದು ಸುಲಭವಾಗುತ್ತದೆಂದು. ಮೆಟ್ಟಿಲ ಪಕ್ಕದ ನೆರಳಿನಲ್ಲಿ ಸುಫ್ಯಾನ್ ಕೂತಿದ್ದ. ಕರಕ್ ಕಡೆಯ ಬಸ್ ಡ್ರೈವರ್. ಗುಳಿಗೆ ನುಂಗಲು ಬಂದವರಲ್ಲಿ ಎಲ್ಲರಿಗಿಂತ ಬಾಯಿ ಜಾಸ್ತಿ. ಕ್ಲಿನಿಕ್ಕಿನ ನೀಲಿ ಪೈಜಾಮ ಹಾಕಿಕೊಂಡು, ಸಿಗರೇಟಿಲ್ಲದ ಎರಡು ಬೆರಳುಗಳನ್ನು ತುಟಿಗೆ ಇಟ್ಟುಕೊಂಡು ಇಳಿಬಿಸಿಲನ್ನು ನೋಡುತ್ತಿದ್ದ.

"ಬನ್ನಿ ಡಾಕ್ಟ್ರೇ, ಬನ್ನಿ. ನನ್ನ ಉಚ್ಚೆ ನೋಡಿ ಸಾಕಾಗಿ ನನ್ನೇ ನೋಡಕ್ಕೆ ಬಂದ್ರಾ?"

"ಹೇಗಿದೀಯಪ್ಪಾ?"

"ಕುದುರೆ ಹಾಗಿದೀನಿ. ಸಿಗರೇಟು ಇಲ್ದೆ ಹುಚ್ಚು ಹಿಡಿತಾ ಇದೆ, ಅಷ್ಟೇ. ರಕ್ತ ತಗೊಂಡ ಮೇಡಂ, ಏ ಸುಫ್ಯಾನ್, ನಿನ್ನ ಲಿವರ್ ಹದಿನೆಂಟರ ಹುಡುಗನ ಥರ ಇದೆ ಅಂದ್ರು." ಅವನು ಎದೆ ತಟ್ಟಿಕೊಂಡ. "ಇವತ್ತಿಂದ ಡಬಲ್ ಅಂತೆ? ಈದ್ ಆದ್ಮೇಲೆ ಮದ್ವೆ ನಂದು. ಹುಡುಗಿ ಕಡೆಯವ್ರಿಗೆ ಹೇಳಿಲ್ಲ ಮತ್ತೆ, ಗುಳಿಗೆ ನುಂಗೋ ಕೆಲಸ ಅಂತ. ಟ್ರೈನಿಂಗ್‌ಗೆ ಹೋಗಿದೀನಿ ಅಂದಿದೀನಿ. ನೀವೆಲ್ಲಾದ್ರೂ ಹೇಳ್ಬಿಟ್ಟೀರಿ!"

ಹಾಜಿಮ್ ಅವನ ಕಣ್ಣನ್ನು ನೋಡುತ್ತಿದ್ದ. ಬಿಳಿ ಬಿಳಿಯಾಗಿಯೇ ಇತ್ತು. ಬಿಸಿಲು ಓರೆಯಾಗಿ ಬಿದ್ದಿದ್ದರಿಂದ ಅಂಚಿನಲ್ಲಿ ಒಂದಿಷ್ಟು ಹಳದಿ ಕಂಡಿತೋ, ಅಥವಾ ಗೋಡೆಯ ಬಣ್ಣದ ಛಾಯೆಯೋ. "ಇಲ್ಲಿ ನೋಡು, ಮೇಲೆ ನೋಡು" ಎಂದ. ಸುಫ್ಯಾನ್ ಹಸುಗೂಸಿನ ಹಾಗೆ ಮೇಲೆ ನೋಡಿದ. ಏನೂ ಇಲ್ಲ. ಏನೂ ಇರುವುದಿಲ್ಲ, ಅದೇ ಅಲ್ಲವೇ ಭಯ. ರಕ್ತಕ್ಕೆ ಇನ್ನೂ ಗೊತ್ತಿಲ್ಲ, ಈ ಮನುಷ್ಯನಿಗೆ ಗೊತ್ತಿಲ್ಲ, ಮದುವೆಯ ಹುಡುಗಿಗೆ ಗೊತ್ತಿಲ್ಲ. ಒಂದು ಗೆರೆಗೆ ಗೊತ್ತಿತ್ತು. ಆ ಗೆರೆಯ ಬಾಯನ್ನು ತಾನು ಎರಡು ಡಬ್ಬಿಯಿಂದ ಕಟ್ಟಿಹಾಕಿದ್ದೇನೆ. ಇನ್ನೊಂದು ವಾರದಲ್ಲಿ ಈ ಕಣ್ಣು ಅರಿಸಿನದ ನೀರಾಗಿ, ಆಸ್ಪತ್ರೆಯ ಮಂಚದ ಮೇಲೆ ಇವನು ಯಾರನ್ನೂ ಗುರುತಿಸದೆ ಏನೇನೋ ಬಡಬಡಿಸುತ್ತ ಮಲಗುವುದು, ಹೊರಗೆ ಮದುವೆಗೆಂದು ಹೊಲಿಸಿದ ಬಟ್ಟೆಯಲ್ಲೇ ನೆಂಟರು ಕೂತಿರುವುದು, ಎಲ್ಲ ಅವನ ಕಣ್ಣಿಗೆ ಕಟ್ಟಿತು. ಅಥವಾ ಏನೂ ಆಗದಿರಬಹುದು. ಹಾಗೆ ಎಂದುಕೊಂಡ ಕೂಡಲೇ ಒಂದು ಹೀನವಾದ ಸಮಾಧಾನವಾಯಿತು. ಉಪವಾಸದಿಂದಲೇ ಗೆರೆ ಎದ್ದಿರಬಹುದು, ಉಳಿದ ಐವರಲ್ಲೂ ಇರಬಹುದು, ನಾನು ಸುಮ್ಮನೆ ನನ್ನನ್ನು ದೊಡ್ಡದು ಮಾಡಿಕೊಳ್ಳುತ್ತಿರಬಹುದು. ಇರಬಹುದು. ಆ ಹುಸಿಗುಳಿಗೆಯ ಒಬ್ಬನಲ್ಲಿ ಮಾತ್ರ ಏಕೆ ಇಲ್ಲ?

"ಡಾಕ್ಟ್ರೇ, ಹಾಗ್ಯಾಕೆ ನೋಡ್ತೀರಿ? ಕುರಿ ಕೊಳ್ಳೋಕೆ ಬಂದವ್ರ ಥರ" ಎಂದ ಸುಫ್ಯಾನ್. ನಗುತ್ತಲೇ ಇದ್ದ, ಆದರೆ ಬೆರಳು ತುಟಿಯಿಂದ ಕೆಳಗಿಳಿದಿತ್ತು.

"ಏನಿಲ್ಲಪ್ಪಾ. ಚೆನ್ನಾಗಿದೀಯ" ಎಂದು ಹಾಜಿಮ್ ಬೇಗ ಬೇಗ ಹೊರಟ.

ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ, ಎರಡು ಪಟ್ಟು ಗುಳಿಗೆಗೆ ಸಹಿಯಾಗಲು, ಅವನೂ ಬಾಸಿಲೂ ಅಬು ಸಾಲಿಮರ ಕೋಣೆಗೆ ಹೋಗಬೇಕಿತ್ತು. ನಮಾಜಿನಲ್ಲಿ ಅವನು ಬಾಸಿಲ್‌ನ ಪಕ್ಕ ನಿಂತು, ಬಾಗಿ, ಹಣೆ ನೆಲಕ್ಕಿಟ್ಟು, ಏನು ಕೇಳಿಕೊಳ್ಳಬೇಕೆಂದು ತಿಳಿಯದೆ ಅಷ್ಟು ಹೊತ್ತೂ ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಅಂಥ ಒಂದು ಮಾತನ್ನು ಹುಡುಕಿದ. ಯಂತ್ರ ಕೆಟ್ಟಿದೆ ಎನ್ನಬಹುದು. ಬಾಸಿಲ್ ಇವತ್ತು ಬೆಳಿಗ್ಗೆ ತಾನೆ ಪರೀಕ್ಷಿಸಿದ್ದಾನೆ. ಸೀಸೆ ಬಿಸಿಲಲ್ಲಿತ್ತು ಎನ್ನಬಹುದು. ಅದನ್ನು ಶೈತ್ಯದ ಪೆಟ್ಟಿಗೆಯಲ್ಲಿ ಇಟ್ಟವನು ತಾನೇ. ಇನ್ನೊಮ್ಮೆ ಆರೂ ಜನ ಕೊಡೋಣ ಎನ್ನಬಹುದು. ಹೌದು, ಅದು ಸರಿ, ಕಾರಣ ಕೇಳದಿದ್ದರೆ.

ಕ್ಲಿನಿಕ್ಕಿನ ಮುಖ್ಯಸ್ಥೆ ಡಾಕ್ಟರ್ ರಹಫ್ ಕೇಳಿದಳು. ಕಟ್ಟುನಿಟ್ಟಿನ ಹೆಂಗಸು, ಮಾತಿನಲ್ಲಿ ಸಕ್ಕರೆ ಹಾಕಿ ಅಭ್ಯಾಸವಿಲ್ಲ. "ಇನ್ನೊಮ್ಮೆ ಯಾಕೆ? ಇವತ್ತು ಕೊಟ್ರೆ ನಾಳೆ ಉತ್ತರ ಬರುತ್ತೆ. ಇವತ್ತಿನ ಡೋಸ್ ತಪ್ಪಿದ್ರೆ ಇಷ್ಟು ದಿನದ್ದೆಲ್ಲ ಮೊದಲಿಂದ ಮಾಡ್ಬೇಕು. ಕಾರಣ ಕೊಡಿ, ನಿಲ್ಲಿಸ್ತೀನಿ."

"ಕಾರಣ ಅಂತ... ಗೆರೆ ತುಂಬ ಎತ್ತರ ಇದೆ ಅನ್ನಿಸ್ತು."

"ಅನ್ನಿಸ್ತು" ಎಂದು ರಹಫ್ ಆ ಪದವನ್ನು ಮೇಜಿನ ಮೇಲೆ ಇಟ್ಟ ಹಾಗೆ ಹೇಳಿದಳು. "ಹಾಜಿಮ್ ಅವರೇ, ನಿಮಗೆ ಆ ಸಲವೂ ಅನ್ನಿಸಿತ್ತು. ಕಿಡ್ನಿ ಹೋಯ್ತು ಅಂತ ಇಡೀ ಕೆಲಸ ನಿಲ್ಲಿಸಿದ್ರಿ. ಆಮೇಲೆ ನೋಡಿದ್ರೆ ಅಡುಗೆಯವನು ಬದಲಾಗಿದ್ದ, ಊಟ ಬದಲಾಗಿತ್ತು. ನೆನಪಿದೆ ತಾನೇ?"

ಬಾಸಿಲ್ ಗಂಟಲಲ್ಲೇ, "ಗೂಬೆ ಕೂಗಿತು" ಎಂದು ಗೊಣಗಿ ಕೆಮ್ಮಿದ ಹಾಗೆ ಮಾಡಿದ. ಆ ಪ್ರಕರಣದ ನಂತರ ಹಾಜಿಮ್‌ಗೆ ಬೆನ್ನ ಹಿಂದೆ ಗೂಬೆ ಎಂಬ ಹೆಸರು ಬಿದ್ದಿದೆ ಎಂಬುದು ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು, ಅವನಿಗೆ ಗೊತ್ತಿದೆ ಎಂಬುದೂ ಎಲ್ಲರಿಗೆ ಗೊತ್ತು. ಮುಖ ಬಿಸಿಯಾಯಿತು. ಇವರ ದೃಷ್ಟಿಯಲ್ಲಿ ಅವನು ಹೆದರುಪುಕ್ಕಲ, ಇದ್ದದ್ದೇ. ಆದರೆ ಶುದ್ಧವಾದ ಮನುಷ್ಯ. ಇವತ್ತು ಆ ಒಂದೂ ಹೋಗುತ್ತದೆ. ಕಿಟಕಿಯಾಚೆ ಬಿಸಿಲು ಕ್ಲಿನಿಕ್ಕಿನ ಗೋಡೆಯ ಮೇಲೆ ಮೇಲಕ್ಕೆ ಏರುತ್ತಿತ್ತು. ಅಬು ಸಾಲಿಮ್ ಕನ್ನಡಕ ತೆಗೆದು ಒರೆಸಿಕೊಂಡು, ಸಹಿ ಹಾಕಲು ಕಾಗದವನ್ನು ಹತ್ತಿರ ಎಳೆದುಕೊಂಡರು. ಅವರು ಪೆನ್ನಿನ ಮುಚ್ಚಳ ತೆಗೆಯುವುದನ್ನು ನೋಡುತ್ತಿದ್ದಂತೆ ಹಾಜಿಮ್‌ನ ಬಾಯಿಂದ, ಅವನು ತೀರ್ಮಾನಿಸುವ ಮೊದಲೇ, ಮಾತು ಹೊರಬಿತ್ತು.

"ಆ ಆರರಲ್ಲಿ ಒಬ್ರು ಏನೋ ಕುಡಿದಿದ್ರು ಅಬು ಸಾಲಿಮ್. ಟಾರಿನ್ ಇರೋ ಪಾನೀಯ. ಆ ಗೆರೆ ಉಪವಾಸದ್ದಲ್ಲ."

ಪೆನ್ನು ನಿಂತಿತು. ಬಾಸಿಲ್ ಕಣ್ಣರಳಿಸಿ ಬಾಗಿಲ ಕಡೆ ನೋಡಿದ, ಉಳಿದ ನಾಲ್ವರಲ್ಲಿ ಯಾರೆಂದು ಆಗಲೇ ಹುಡುಕುತ್ತಿದ್ದ. ಅಬು ಸಾಲಿಮರ ಮುಖದಲ್ಲಿ ನೋವು ಕಂಡಿತು. "ಅಬು ಜುಮಾನಾ" ಎಂದರು. ಮಗಳ ಹೆಸರು ಹಿಡಿದು ಪ್ರೀತಿಯಿಂದ ಹಾಗೆಯೇ ಕರೆಯುತ್ತಿದ್ದರು. "ಇದೇ ಬೇಡ ಅಂತ ತಾನೇ ಒಂದೇ ಸೀಸೆ ಮಾಡಿದ್ದು? ಇನ್ನೊಬ್ಬರ ಗುಟ್ಟು ನೀನು ಯಾಕೆ ಹೊರತೀಯ? ಯಾರು ಅಂತ ನಂಗೆ ಹೇಳಬೇಡ. ಕೇಳೋದಿಲ್ಲ ನಾನು."

"ಇನ್ನೊಬ್ಬರದಲ್ಲ. ನಂದೇ. ನಾನೇ ಕುಡಿದದ್ದು."

ಬಾಸಿಲ್ ಬಾಗಿಲಿನಿಂದ ಕಣ್ಣು ತಿರುಗಿಸಿ ಅವನನ್ನು ನೋಡಿದ. ಆಮೇಲೆ ಅಬು ಸಾಲಿಮರ ಮುಖ ತಿಳಿಯಾಯಿತು, ತೀರ ಮೃದುವಾಗಿ, ರಸ್ತೆ ದಾಟಲಾಗದ ಮುದುಕನ ಕೈ ಹಿಡಿದ ಹಾಗೆ, "ಹೂಂ, ಅಷ್ಟೇನಾ! ಸಹರಿ ಹೊತ್ತಲ್ಲಿ ಕುಡಿದಿರ್ತೀಯ. ಈಗಿನವರೆಲ್ಲ ಕುಡೀತಾರೆ, ದಿನವಿಡೀ ತ್ರಾಣ ಇರ್ಲಿ ಅಂತ. ನನ್ನ ಮಗನೂ ಕುಡೀತಾನೆ. ಸಹರೀಲಿ ತಾನೇ?" ಎಂದರು. ಅವನನ್ನು ನೋಡದೆ ಕಾಗದವನ್ನು ನೋಡುತ್ತ ಕೇಳಿದ್ದರು. ಬಾಸಿಲ್‌ನ ಭುಜ ಸಡಿಲವಾಯಿತು. "ಹೌದು" ಎಂಬ ಒಂದು ಪದ ಹಾಜಿಮ್‌ನ ನಾಲಿಗೆಯ ಮೇಲೆ ಬಂದು ಕೂತಿತು. ಎಂಥ ಪದ! ಅದೊಂದನ್ನು ಹೇಳಿದರೆ ಅವನು ಹೇಳಬೇಕಾದ್ದನ್ನು ಹೇಳಿದ್ದಾಯಿತು, ಮಾನವೂ ಉಳಿಯಿತು, ಇಫ್ತಾರಿಗೆ ಮನೆಗೆ ಹೋಗಿ ಮಗಳ ಪಕ್ಕ ಕೂರಬಹುದು. ದೇವರು ಇಷ್ಟು ಅಗ್ಗವಾಗಿ ಬಿಟ್ಟುಬಿಡುತ್ತಾನೆಯೇ ಎಂದು ಕೃತಜ್ಞತೆ ಉಕ್ಕಿತು.

ರಹಫ್ ಮಾತ್ರ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದಳು. "ಸಹರೀಲಿ ಅಂದ್ರೆ ಸೂರ್ಯ ಹುಟ್ಟೋ ಮುಂಚೆ. ಸೀಸೆಗೆ ಕೊಟ್ಟದ್ದು ಅಸರ್ ಆದ ಮೇಲೆ. ಟಾರಿನ್ ಅಷ್ಟು ಹೊತ್ತು ಎಲ್ಲಿ ನಿಲ್ಲುತ್ತೆ? ಮಧ್ಯಾಹ್ನದ ಒಳಗೆ ಹೊರಟುಹೋಗಿರುತ್ತೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವಿತ್ತು. "ಸೀಸೆಗೆ ಅದರಿಂದ ಏನೂ ಆಗಿಲ್ಲ. ಗೆರೆ ಉಪವಾಸದ್ದೇ. ಸಹಿ ಹಾಕಿ ಅಬು ಸಾಲಿಮ್, ಹುಡುಗರು ಕಾಯ್ತಿದಾರೆ."

ಅವಳ ಲೆಕ್ಕ ಸರಿಯಾಗಿತ್ತು. ಅವನು ಬೆಳಗಿನಿಂದ ಅದೇ ಲೆಕ್ಕವನ್ನು ಮಾಡಿದ್ದ. ಹೌದು ಎಂದರೆ ಮಾನ ಉಳಿಯುತ್ತದೆ, ಗುಳಿಗೆ ಹೊರಡುತ್ತದೆ. ಪೆನ್ನು ಮತ್ತೆ ಕಾಗದದತ್ತ ಬಾಗಿತು. ಅಬು ಸಾಲಿಮರು ಈಗ ತಲೆಯೆತ್ತಿ ಅವನನ್ನೇ ನೋಡಿದರು. ಆ ನೋಟದಲ್ಲಿ ಒಂದು ಬೇಡಿಕೆ ಇತ್ತು, ನನ್ನ ಮುಂದೆ ಹೇಳಬೇಡ ಮಗನೇ, ನಾನು ಬಾಗಿಲು ತೆರೆದಿಟ್ಟಿದ್ದೇನೆ, ಸುಮ್ಮನೆ ಹೊರಟುಬಿಡು. ತಂದೆಯ ಕಣ್ಣಿನಲ್ಲೂ ಅವನು ಅಷ್ಟು ಪ್ರೀತಿಯನ್ನು ಕಂಡಿರಲಿಲ್ಲ. ಆ ಪ್ರೀತಿಗೆ ಅವನಿಗೆ ತುಂಬ ಭಯವಾಯಿತು.

"ಸಹರೀಲಿ ಅಲ್ಲ" ಎಂದ. ದನಿ ಬೇರೆ ಯಾರದ್ದೋ ಅನ್ನಿಸುವ ಹಾಗಿತ್ತು. "ಮಧ್ಯಾಹ್ನ. ಎರಡು ಗಂಟೆ ಆಗಿತ್ತು. ಕಾರು ತೊಳೆಯೋ ಕಡೆ, ಕಾರಿನ ಒಳಗೆ ಕೂತು. ಎರಡು ಡಬ್ಬಿ." ಇಷ್ಟು ಸಾಕಾಗಿತ್ತು, ಆದರೆ ನಿಲ್ಲಿಸಲಾಗಲಿಲ್ಲ. "ದಿನಾ ಹಾಗೇ. ನಂಗೆ ಕಾಯಿಲೆ ಏನೂ ಇಲ್ಲ."

ಬಾಸಿಲ್‌ನ ಬಾಯಿ ತೆರೆದುಕೊಂಡೇ ಇತ್ತು. ಮಡಿಯಾದ ಕಾರು ಎಂದು ತಾನು ಎಷ್ಟು ಸಲ ಹೇಳಿದ್ದೇನೆಂದು ಅವನು ನೆನೆಸಿಕೊಳ್ಳುತ್ತಿದ್ದನೇನೋ, ಮುಖ ತನ್ನದೇ ತಪ್ಪಿನಂತೆ ಕೆಂಪಾಯಿತು. ರಹಫ್ ಎದ್ದಳು. ಹಾಜಿಮ್‌ನ ಕಡೆ ತಿರುಗಿಯೂ ನೋಡದ ಹಾಗೆ ಫೋನು ಕೈಗೆತ್ತಿಕೊಂಡು, "ಮೇಲಿನ ಮಹಡಿಗೆ ಹೇಳಿ. ಇವತ್ತು ಯಾರಿಗೂ ಕೊಡಕೂಡದು. ಅರ್ಧವೂ ಇಲ್ಲ, ಹಳೇ ಡೋಸೂ ಇಲ್ಲ. ಎಲ್ಲರದ್ದೂ ಮತ್ತೆ ರಕ್ತ ತಗೊಳ್ಳಿ" ಎನ್ನುತ್ತ ಹೊರಗೆ ಹೋದಳು. ಮೊಗಸಾಲೆಯಲ್ಲಿ ಅವಳ ಹೆಜ್ಜೆ ಓಟವಾಗುವುದು ಕೇಳಿಸಿತು. ಆಗ ಹಾಜಿಮ್‌ಗೆ ತಿಳಿಯಿತು, ಅವಳೂ ಹೆದರಿದ್ದಳು, ಈಗಲ್ಲ, ಮೊದಲಿನಿಂದಲೂ. ಆ ಗೆರೆ ಉಪವಾಸದ್ದಾಗಿರಲಿ ಎಂದು ಅವಳೂ ಹಗಲಿಡೀ ಬೇಡಿಕೊಂಡಿದ್ದಳು.

ಅಬು ಸಾಲಿಮರು ಪೆನ್ನಿಗೆ ಮುಚ್ಚಳ ಹಾಕಿದರು. "ನಾನು ಕೇಳಲೇ ಇಲ್ಲವಲ್ಲೋ" ಎಂದರು. "ಕೇಳೋದಿಲ್ಲ ಅಂತ ಹೇಳ್ದೆ." ಬೈದದ್ದೋ, ಕ್ಷಮೆ ಕೇಳಿದ್ದೋ ತಿಳಿಯುವ ಹಾಗಿರಲಿಲ್ಲ. ಜೇಬಿನಿಂದ ಜಪಮಾಲೆ ತೆಗೆದು, ಎಣಿಸದೆ, ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿ ಕೂತರು. ಹಾಜಿಮ್‌ಗೆ ಹೊರಡಬೇಕೆನಿಸಿತು. ಎಲ್ಲಿಗೆ? ಮನೆಗೆ ಹೋದರೆ ಇವತ್ತಲ್ಲ ನಾಳೆ ಅಬೀರ್‌ಗೆ ಸುದ್ದಿ ಮುಟ್ಟಿಯೇ ಮುಟ್ಟುತ್ತದೆ. ಬಾಸಿಲ್‌ನ ಅಕ್ಕ ಜುಮಾನಾಳ ಶಾಲೆಯಲ್ಲೇ ಪಾಠ ಹೇಳುತ್ತಾಳೆ. ಕಾಲು ಕದಲಲಿಲ್ಲ. ಸುಫ್ಯಾನ್‌ನ ಲಿವರು ಉಳಿಯಿತೋ, ಆಗಲೇ ಹೋಗಿತ್ತೋ, ಅದೂ ಇನ್ನು ಗೊತ್ತಾಗಬೇಕು. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಅವನಿಗೆ ಹಾಗೇನೂ ಆಗಲಿಲ್ಲ.

ಸೂರ್ಯ ಮುಳುಗಿ, ಮಗ್ರಿಬಿನ ಬಾಂಗು ಒಂದು ಮಸೀದಿಯಿಂದ ಶುರುವಾಗಿ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿತು. ಕ್ಲಿನಿಕ್ಕಿನ ಕಡೆಯಿಂದ ತಟ್ಟೆ ಲೋಟಗಳ ಸದ್ದು, ಸುಫ್ಯಾನ್‌ನ ದೊಡ್ಡ ದನಿ, ನಗು ಕೇಳಿಸಿತು. ಉಳಿದ ನಾಲ್ವರು ಒಬ್ಬೊಬ್ಬರಾಗಿ ಒಳಗೆ ಬಂದರು. ಬಾಗಿಲಾಚೆಯೇ ಎಲ್ಲ ಕೇಳಿಸಿಕೊಂಡಿದ್ದರೆಂದು ಅವರ ಮುಖಗಳೇ ಹೇಳಿದವು. ಬಾಸಿಲ್ ಖರ್ಜೂರದ ತಟ್ಟೆಯನ್ನೂ ನೀರಿನ ಲೋಟಗಳನ್ನೂ ತಂದ. ಅಬು ಸಾಲಿಮರಿಗೆ ಕೊಟ್ಟ. ನಾಲ್ವರಿಗೂ ಕೊಟ್ಟ. ತಟ್ಟೆ ಹಾಜಿಮ್‌ನ ಮುಂದೆ ಬಂದಾಗ ಬಾಸಿಲ್‌ಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಉಪವಾಸ ಬಿಡುವವನಿಗೆ ತಾನೇ ಖರ್ಜೂರ, ಉಪವಾಸವೇ ಇಲ್ಲದವನ ಮುಂದೆ ತಟ್ಟೆ ಹಿಡಿದರೆ ಅದು ಗೇಲಿಯಾಗುತ್ತದೆ. ಪಾಪ, ಅವನು ಗೇಲಿ ಮಾಡಲು ಇಷ್ಟಪಡಲಿಲ್ಲ. ಒಂದು ಕ್ಷಣ ನಿಂತು, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಕೊಂಡು ಮೇಜಿನ ಮೇಲಿಟ್ಟುಬಿಟ್ಟ.

ಹಾಜಿಮ್‌ನ ಬಲಗೈ ಅಷ್ಟರಲ್ಲಿ ಅರ್ಧ ಮೇಲೆದ್ದಿತ್ತು. ಆ ಕೈಯನ್ನು ನೋಡಿಕೊಂಡಾಗ ಅವನಿಗೆ ಹೊಳೆಯಿತು: ಇವತ್ತು ಅವನು ಎಲ್ಲಿಗೂ ಹೋಗಿರಲಿಲ್ಲ. ನೊರೆಯಿಲ್ಲ, ಡಬ್ಬಿಯಿಲ್ಲ. ಗೆರೆಯ ಚಿಂತೆಯಲ್ಲಿ ಮರೆತೇಹೋಗಿ, ನಸುಕಿನಿಂದ ಈ ಹೊತ್ತಿನವರೆಗೆ ಒಂದು ಹನಿಯೂ ಒಳಗೆ ಇಳಿದಿರಲಿಲ್ಲ. ಎಷ್ಟೋ ದಿನಗಳ ಮೇಲೆ, ಕೋಣೆಯಲ್ಲಿದ್ದ ಎಲ್ಲರ ಹಾಗೆ, ಅವನೂ ಹಸಿದಿದ್ದ. ಸಂಕಲ್ಪವಿಲ್ಲದೆ ಹೆದರಿಕೆಯಿಂದ ಹಸಿದದ್ದು ಉಪವಾಸವಲ್ಲ, ಅದು ಅವನಿಗೂ ಗೊತ್ತು. ಹೇಳಿದರೂ ಇನ್ನು ನಂಬುವವರಿಲ್ಲ, ನಂಬುವುದಾದರೆ ಕೆಳಗಿನ ಯಂತ್ರವೊಂದೇ. ಆದರೆ ನಾಲಿಗೆ ಮೇಲ್ದವಡೆಗೆ ಅಂಟಿತ್ತು, ಕಣ್ಣಿನ ಮುಂದೆ ಲೋಟಗಳು ಅಲುಗಾಡಿದಂತೆ ಕಂಡವು. ಎಲ್ಲರೂ ಬಿಸ್ಮಿಲ್ಲಾ ಎಂದು ಕುಡಿಯತೊಡಗಿದರು. ಅವನು ಗೋಡೆಗೆ ಒರಗಿ, ಯಾರಾದರೂ ನೀರು ಕೊಡಲಿ ಎಂದು ಕಾಯುತ್ತ ನಿಂತ.